ಕೀಬೋರ್ಡ್‌ನಲ್ಲಿ ಕಾರ್ಡ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಡೊಂಬಿವಲಿ, ಪುಣೆ ಕಡೆಯ ಕನ್ನಡದ ಮನೆಗಳಲ್ಲಿ ಕೀಬೋರ್ಡ್ ಹಿಡಿದವರಿಗೆ ಹಾಡಿನ ಧಾಟಿ ಬಲಗೈಯಲ್ಲಿ ಬೇಗ ಬಂದುಬಿಡುತ್ತದೆ. ಭಜನೆ ಕೇಳಿ ಬೆಳೆದ ಕಿವಿಗೆ ಅದು ಕಷ್ಟವಲ್ಲ. ಸಿಕ್ಕಿಬೀಳುವುದು ಕಾರ್ಡ್‌ನಲ್ಲಿ. ಈ ಉತ್ತರಗಳು ಅವರಿಗಾಗಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ನೂರು ಕಾರ್ಡ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ನಾಲ್ಕೇ ಕಾರ್ಡ್ ತೆಗೆದುಕೊಳ್ಳಿ, ಒಂದರಿಂದ ಇನ್ನೊಂದಕ್ಕೆ ಕೈ ಎಷ್ಟು ಕಡಿಮೆ ಸರಿದರೆ ಸಾಕು ಎಂದು ನೋಡಿ. ಹಾಡಿನ ಜೊತೆ ನುಡಿಸುವ ಶಕ್ತಿ ಬರುವುದು ಅಲ್ಲಿಂದ.

ಕಾರ್ಡ್ ಅಂದರೆ ಏನು? ನಮಗೆ ಸರಿಗಮ ಮಾತ್ರ ಗೊತ್ತು.

ಸರಿಗಮ ಗೊತ್ತಿದ್ದರೆ ಸಾಕು. ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ, ಅದೇ ಕಾರ್ಡ್. ಗಾಂಧಾರ ಯಾವುದು ಎನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಅಂತರ ಗಾಂಧಾರ ಇದ್ದರೆ ಮೇಜರ್, ಸಾಧಾರಣ ಗಾಂಧಾರ ಇದ್ದರೆ ಮೈನರ್. ಹಿಂದೂಸ್ತಾನಿ ಕಲಿತವರು ಶುದ್ಧ ಗ, ಕೋಮಲ ಗ ಎಂದುಕೊಳ್ಳಿ.

ಎಣಿಸಿ ಕಂಡುಹಿಡಿಯುವ ದಾರಿಯೂ ಇದೆ. ಯಾವುದೇ ಕೀಯಿಂದ ಶುರುಮಾಡಿ, ಕಪ್ಪು ಬಿಳುಪು ಎರಡನ್ನೂ ಬಿಡದೆ ಎಣಿಸುತ್ತ ನಾಲ್ಕು ಕೀ ಮೇಲೆ ಹೋಗಿ, ಅಲ್ಲಿಂದ ಮೂರು ಕೀ ಮೇಲೆ ಹೋಗಿ. ಮೇಜರ್ ಸಿಕ್ಕಿತು. ಮೊದಲು ಮೂರು, ಆಮೇಲೆ ನಾಲ್ಕು ಎಣಿಸಿದರೆ ಮೈನರ್. ಎರಡು ಕಪ್ಪು ಕೀಗಳ ಗುಂಪಿನ ಎಡಕ್ಕೆ ಅಂಟಿಕೊಂಡಿರುವ ಬಿಳಿ ಕೀ ಸಿ, ಅಲ್ಲಿಂದ ಬಲಕ್ಕೆ ಬಿಳಿ ಕೀಗಳು ಸಿ, ಡಿ, ಇ, ಎಫ್, ಜಿ, ಎ, ಬಿ. ಸಿ ಯಿಂದ ಎಣಿಸಿದರೆ ಸಿ–ಇ–ಜಿ, ಅಂದರೆ ಸಿ ಮೇಜರ್. ಎ ಯಿಂದ ಮೈನರ್ ಎಣಿಸಿದರೆ ಎ–ಸಿ–ಇ. ಎಣಿಸುವಾಗ ಎಲ್ಲರೂ ಮಾಡುವ ತಪ್ಪು ಒಂದೇ, ಶುರುವಿನ ಕೀಯನ್ನೇ ‘ಒಂದು’ ಎಂದು ಎಣಿಸುವುದು. ಅದು ಸೊನ್ನೆ. ಅದರ ಪಕ್ಕದ್ದು ಒಂದು.

ಎಷ್ಟು ಕೀಗಳ ಕೀಬೋರ್ಡ್ ತೆಗೆದುಕೊಳ್ಳಬೇಕು?

61 ಕೀ, ದೊಡ್ಡ ಗಾತ್ರದ ಕೀಗಳು, ಒತ್ತಿದಷ್ಟು ಜೋರಾಗಿ ಕೇಳುವ ಟಚ್ ಸೌಲಭ್ಯ. ಇಷ್ಟಿದ್ದರೆ ಹಲವು ವರ್ಷ ಸಾಲುತ್ತದೆ. 32 ಸಣ್ಣ ಕೀಗಳ ಮಾದರಿ ಪುಟ್ಟ ಮಕ್ಕಳ ಆಟಕ್ಕೆ ಸರಿ. ಅದರಲ್ಲಿ ಎಡಗೈಯಲ್ಲಿ ಕಾರ್ಡ್ ಹಿಡಿದರೆ ಬಲಗೈಗೆ ಜಾಗ ಉಳಿಯುವುದಿಲ್ಲ, ಮುಂದೆ ದೊಡ್ಡ ಕೀಗಳಿಗೆ ಬಂದಾಗ ಬೆರಳಿನ ಅಂತರವನ್ನು ಮತ್ತೆ ಕಲಿಯಬೇಕಾಗುತ್ತದೆ.

ಕೊಳ್ಳುವ ಮುನ್ನ ಅಂಗಡಿಯಲ್ಲಿ ನಿಂತು ನುಡಿಸಿ ನೋಡಿ. ಮುಂಬೈಯ ಧೋಬಿ ತಲಾವ್‌ನ ಫುರ್ಟಾಡೋಸ್ 1865ರಿಂದ ಇರುವ ಅಂಗಡಿ, ಮರೀನ್ ಲೈನ್ಸ್ ಸ್ಟೇಷನ್ನಿಂದ ನಡೆದೇ ಹೋಗಬಹುದು. ಎಲ್ಲಿಯೇ ಕೊಂಡರೂ ಒಂದು ಪರೀಕ್ಷೆ ಮಾಡಿ: ಒಂದೇ ಕೀಯನ್ನು ಹತ್ತು ಸಲ ಮೆಲ್ಲಗೆ, ಹತ್ತು ಸಲ ಜೋರಾಗಿ ಒತ್ತಿ. ಹೀಗೆ ಕಡಿಮೆ ಎಂದರೆ ಹನ್ನೆರಡು ಕೀ ನೋಡಿ. ಒಂದು ಕೀ ಮಾತ್ರ ಅಕ್ಕಪಕ್ಕದವಕ್ಕಿಂತ ಜೋರಾಗಿ ಕೂಗಿದರೆ ಆ ಪೀಸ್ ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು 61 ಕೀಗಳಿಗೂ ಮಾಡಬೇಕು.

61 ಕೀಗಳ ಕೀಬೋರ್ಡ್ ಸುಮಾರು 93–95 ಸೆಂ.ಮೀ. ಉದ್ದ, ಮೂರೂವರೆಯಿಂದ ಐದು ಕಿಲೋ ತೂಕ ಇರುತ್ತದೆ. ಲೋಕಲ್ ರೈಲಿನಲ್ಲಿ ತರುವುದಾದರೆ ಜನಜಂಗುಳಿಯ ಹೊತ್ತು ಬಿಟ್ಟು ಲಗೇಜ್ ಡಬ್ಬಿಯಲ್ಲಿ ಬನ್ನಿ, ಕೀಗಳ ಕಡೆ ಗೋಡೆಗೆ ಬರುವಂತೆ ನಿಲ್ಲಿಸಿ.

ನೆಲದ ಮೇಲೆ ಕೂತು ನುಡಿಸಬಹುದೇ?

ಹಾರ್ಮೋನಿಯಂ ಅಭ್ಯಾಸ ಇದ್ದವರು ಹೀಗೆಯೇ ಶುರುಮಾಡುತ್ತಾರೆ. ಹಾರ್ಮೋನಿಯಂಗೆ ಎತ್ತರ ಇದೆ, ಕೀಬೋರ್ಡ್ ಚಪ್ಪಟೆ. ನೆಲಕ್ಕಿಟ್ಟರೆ ಮಣಿಕಟ್ಟು ಮೇಲಕ್ಕೆ ಮಡಚಿಕೊಳ್ಳುತ್ತದೆ, ಹದಿನೈದು ನಿಮಿಷಕ್ಕೆ ನೋವು ಶುರುವಾಗುತ್ತದೆ. ಮಂಡಳಿಯಲ್ಲಿ ಎಲ್ಲರ ಜೊತೆ ನೆಲಕ್ಕೇ ಕೂರಬೇಕಾದರೆ ಕೀಬೋರ್ಡನ್ನು ಗಟ್ಟಿಯಾದ ಗಿಡ್ಡ ಮೇಜಿನ ಮೇಲಿಡಿ. ಮೊಣಕೈಯೂ ಕೀಗಳೂ ಒಂದೇ ಮಟ್ಟದಲ್ಲಿರಬೇಕು. ಊಟದ ಮೇಜು ಸಾಮಾನ್ಯವಾಗಿ 75 ಸೆಂ.ಮೀ. ಎತ್ತರ, ಅದರ ಮೇಲೆ ಕೀಬೋರ್ಡ್ ಇಟ್ಟರೆ ಕೀಗಳು ಇನ್ನೂ ಮೇಲೆ ಬರುತ್ತವೆ. ಕುರ್ಚಿಗೆ ಒಂದೆರಡು ದಿಂಬು ಹಾಕಿಕೊಳ್ಳಲೇಬೇಕು.

ಮೊದಲು ಯಾವ ಕಾರ್ಡ್‌ಗಳು? ಯಾವ ಬೆರಳು?

ಸಿ ಮೇಜರ್, ಎಫ್ ಮೇಜರ್, ಜಿ ಮೇಜರ್, ಎ ಮೈನರ್. ನಾಲ್ಕೂ ಬಿಳಿ ಕೀಗಳೇ. ಬಲಗೈಯಲ್ಲಿ ಹೆಬ್ಬೆರಳು 1, ಕಿರುಬೆರಳು 5 ಎಂದು ಎಣಿಕೆ. ಎಡಗೈಯಲ್ಲೂ ಹೆಬ್ಬೆರಳೇ 1. ಸಿ–ಇ–ಜಿ ಗೆ ಬಲಗೈ 1–3–5, ಎಡಗೈ 5–3–1.

ಬೆರಳಿನ ತುದಿಯ ಮೆತ್ತನೆಯ ಭಾಗ ಕೀಗೆ ತಾಗಬೇಕು, ಉಗುರು ಕಟಕಟ ಎನ್ನಬಾರದು. ಹೆಬ್ಬೆರಳು ಅದರ ಪಕ್ಕದಿಂದ ತಾಗುತ್ತದೆ. ಬಳಸದ 2 ಮತ್ತು 4ನೇ ಬೆರಳು ಗಾಳಿಯಲ್ಲಿ ಸೆಟೆದು ನಿಂತಿದ್ದರೆ ಕೈ ಬಿಗಿಯಾಗಿದೆ ಎಂದರ್ಥ. ಅವು ಕೀಗಳ ಮೇಲೆ ಸುಮ್ಮನೆ ಮಲಗಿರಲಿ. ಮೂರು ಸ್ವರ ಒಂದೇ ಕ್ಷಣಕ್ಕೆ ಕೇಳಬೇಕು. ‘ಟ್ರರ್’ ಎಂದು ಒಂದರ ಹಿಂದೊಂದು ಬಂದರೆ, ಹೆಚ್ಚಿನ ಸಲ ಕಿರುಬೆರಳು ತಡವಾಗಿ ಇಳಿಯುತ್ತಿರುತ್ತದೆ.

ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ತಾಳ ತಪ್ಪುತ್ತದೆ. ಏನು ಮಾಡಲಿ?

ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಕಾರಣ ಬೆರಳಿನ ವೇಗ ಅಲ್ಲ, ದೂರ. ಎಫ್ ಮೇಜರನ್ನು ಎಫ್–ಎ–ಸಿ ಎಂದೂ ಜಿ ಮೇಜರನ್ನು ಜಿ–ಬಿ–ಡಿ ಎಂದೂ ಪಟ್ಟಿಯಲ್ಲಿರುವಂತೆಯೇ ಹಿಡಿದರೆ ಪ್ರತಿ ಸಲವೂ ಇಡೀ ಕೈ ಎದ್ದು ಹಾರಬೇಕು. ಆದರೆ ಕಾರ್ಡ್‌ನ ಮೂರು ಸ್ವರಗಳನ್ನು ಯಾವ ಅನುಕ್ರಮದಲ್ಲಿ ಹಿಡಿದರೂ ಅದು ಅದೇ ಕಾರ್ಡ್. ಇದಕ್ಕೆ ಇನ್ವರ್ಷನ್ ಎನ್ನುತ್ತಾರೆ. ಬಲಗೈಯನ್ನು ಕೀಬೋರ್ಡ್‌ನ ನಡುಭಾಗದ ಸಿ ಹತ್ತಿರ ಇಟ್ಟು ಹೀಗೆ ಮಾಡಿ:

ಸಿ ಮೇಜರ್: ಸಿ–ಇ–ಜಿ. ಬೆರಳು 1–3–5.
ಎಫ್ ಮೇಜರ್: ಸಿ–ಎಫ್–ಎ. ಹೆಬ್ಬೆರಳು ಸಿ ಯನ್ನು ಬಿಡುವುದೇ ಇಲ್ಲ. ಉಳಿದೆರಡು ಬೆರಳು ಪಕ್ಕದ ಬಿಳಿ ಕೀಗೆ ಸರಿಯುತ್ತವೆ. ಬೆರಳು 1–3–5.
ಜಿ ಮೇಜರ್: ಕೆಳಗಿನ ಬಿ, ಆಮೇಲೆ ಡಿ, ಜಿ. ಸಿ ಮೇಜರ್‌ನಿಂದ ಬಂದರೆ ಕಿರುಬೆರಳು ಜಿ ಮೇಲೆಯೇ ಕೂತಿರುತ್ತದೆ. ಬೆರಳು 1–2–5.
ಎ ಮೈನರ್: ಸಿ–ಇ–ಎ. ಸಿ ಮೇಜರ್‌ನಿಂದ ಬಂದರೆ ಕಿರುಬೆರಳು ಒಂದೇ ಸರಿಯುತ್ತದೆ. ಬೆರಳು 1–2–5. ಅವಸರದಲ್ಲಿ 1–3–5 ಇದ್ದರೂ ನಡೆಯುತ್ತದೆ.

ನಾಲ್ಕು ಕಾರ್ಡ್, ಕೈ ಇದ್ದ ಜಾಗದಲ್ಲೇ ಇದೆ. ಕೇಳುವವರಿಗೂ ಇದೇ ಹಿತ, ದನಿ ಮೇಲಕ್ಕೂ ಕೆಳಕ್ಕೂ ಜಿಗಿಯುವುದಿಲ್ಲ.

ತೊಡಕು ಬರುವುದು ಎಫ್‌ನಿಂದ ಜಿ ಗೆ ಹೋಗುವಾಗ. ಅವೆರಡಕ್ಕೂ ಸಾಮಾನ್ಯವಾದ ಸ್ವರ ಒಂದೂ ಇಲ್ಲ, ಮೂರು ಬೆರಳೂ ಸರಿಯಬೇಕು. ಅದನ್ನೊಂದನ್ನೇ ಬಿಡಿಸಿಟ್ಟು ಅಭ್ಯಾಸ ಮಾಡಿ. ಕೀಬೋರ್ಡ್‌ನ ಮೆಟ್ರೋನೋಮ್, ಅಂದರೆ ಟಕ್ ಟಕ್ ಎಂದು ಲಯ ಹಾಕುವ ಸೌಲಭ್ಯ, ನಿಮಿಷಕ್ಕೆ 60 ಏಟಿಗೆ ಇಡಿ. ನಾಲ್ಕು ಏಟು ಎಫ್, ನಾಲ್ಕು ಏಟು ಜಿ. ನಾಲ್ಕನೇ ಏಟಿಗೆ ಕೈ ಎತ್ತಿ ಮುಂದಿನ ಕಾರ್ಡ್‌ನ ಮೇಲೆ ಒತ್ತದೆ ಬೆರಳಿಟ್ಟು ಸಿದ್ಧವಾಗಿರಿ, ಒಂದನೇ ಏಟಿಗೆ ಒತ್ತಿ. ಎರಡು ನಿಮಿಷ ತಪ್ಪಿಲ್ಲದೆ ಬಂದ ಮೇಲೆ 66, ಆಮೇಲೆ 72. ತಪ್ಪಿದರೆ ನಿಲ್ಲಿಸಬೇಡಿ, ಮುಂದಿನ ಏಟಿಗೆ ಸೇರಿಕೊಳ್ಳಿ. ನಿಲ್ಲಿಸಿ ಸರಿಪಡಿಸುವುದನ್ನೇ ಅಭ್ಯಾಸ ಮಾಡಿಕೊಂಡವರು ವೇದಿಕೆಯ ಮೇಲೂ ನಿಲ್ಲಿಸುತ್ತಾರೆ.

ಕಾರ್ಡ್ ಎಡಗೈಯಲ್ಲಿ ಹಿಡಿಯಬೇಕೋ ಬಲಗೈಯಲ್ಲೋ?

ಹಾಡುವವರ ಜೊತೆ ನುಡಿಸುವಾಗ ಬಲಗೈಯಲ್ಲಿ ಕಾರ್ಡ್, ಎಡಗೈಯಲ್ಲಿ ಕಾರ್ಡ್‌ನ ಹೆಸರಿನ ಒಂದೇ ಸ್ವರ. ಧಾಟಿಯನ್ನು ನೀವೇ ನುಡಿಸುವುದಾದರೆ ಎಡಗೈಗೆ ಕಾರ್ಡ್. ಆಗ ತೀರಾ ಕೆಳಗೆ ಹೋಗಬೇಡಿ. ಎಡಬದಿಯ ಕೊನೆಯ ಒಂದು ಸ್ಥಾಯಿಯಲ್ಲಿ ಮೂರು ಸ್ವರ ಒಟ್ಟಿಗೆ ಒತ್ತಿದರೆ ಗೊಗ್ಗರು ಸದ್ದು ಬರುತ್ತದೆ, ಯಾವ ಕಾರ್ಡ್ ಎಂದೇ ತಿಳಿಯುವುದಿಲ್ಲ. ಅಲ್ಲಿ ಒಂಟಿ ಸ್ವರವೇ ಚೆಂದ.

ಸ್ಟೈಲ್ ಹಾಕಿದರೆ ಒಂದೇ ಬೆರಳಿನಲ್ಲಿ ಕಾರ್ಡ್ ಬರುತ್ತದಂತೆ. ಅದೇ ಸಾಕಲ್ಲವೇ?

ಮೇಳದ ತಾಳ, ಬೇಸ್ ಎಲ್ಲ ತಾನಾಗಿ ಬರುತ್ತದೆ, ಸಂಘದ ಕಾರ್ಯಕ್ರಮಕ್ಕೆ ಉಪಯೋಗವೂ ಇದೆ. ಆದರೆ ಒಂದು ಕಂಪನಿಯ ಬೆರಳು ಇನ್ನೊಂದಕ್ಕೆ ನಡೆಯುವುದಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಯಾವ ಕೀಬೋರ್ಡ್‌ಗೂ ‘ಕ್ಯಾಸಿಯೊ’ ಎಂದೇ ಹೆಸರು, ಅದರಿಂದ ಇಲ್ಲಿ ಗೊಂದಲ ಹೆಚ್ಚು.

ಕ್ಯಾಸಿಯೊದಲ್ಲಿ ಎಡಭಾಗದ ಒಂದು ಕೀ ಒತ್ತಿದರೆ ಮೇಜರ್. ಅದರ ಬಲಕ್ಕೆ ಯಾವುದಾದರೂ ಇನ್ನೊಂದು ಕೀ ಸೇರಿಸಿದರೆ ಮೈನರ್, ಎರಡು ಸೇರಿಸಿದರೆ ಸೆವೆಂತ್ (ಮೇಜರ್‌ಗೆ ಕೋಮಲ ನಿಷಾದ ಸೇರಿದ ಕಾರ್ಡ್), ಮೂರು ಸೇರಿಸಿದರೆ ಮೈನರ್ ಸೆವೆಂತ್. ಯಮಹಾದಲ್ಲೂ ಒಂದು ಕೀ ಮೇಜರೇ. ಆದರೆ ಮೈನರ್ ಬೇಕಾದರೆ ಅದರ ಎಡಕ್ಕಿರುವ ಹತ್ತಿರದ ಕಪ್ಪು ಕೀಯನ್ನೂ, ಸೆವೆಂತ್ ಬೇಕಾದರೆ ಎಡಕ್ಕಿರುವ ಹತ್ತಿರದ ಬಿಳಿ ಕೀಯನ್ನೂ ಸೇರಿಸಬೇಕು. ಎರಡನ್ನೂ ಸೇರಿಸಿದರೆ ಮೈನರ್ ಸೆವೆಂತ್.

ಒಂದು ಬೆರಳಿನ ದಾರಿಯಲ್ಲೇ ಉಳಿದರೆ ಸ್ಟೈಲ್ ನಿಲ್ಲಿಸಿದ ಕ್ಷಣ ಕೈಯಲ್ಲಿ ಏನೂ ಇರುವುದಿಲ್ಲ. ಫಿಂಗರ್ಡ್ ಎನ್ನುವ ಆಯ್ಕೆ ಎರಡು ಕಂಪನಿಗಳ ಹೆಚ್ಚಿನ ಮಾದರಿಗಳಲ್ಲೂ ಇದೆ, ಅದನ್ನಿಟ್ಟುಕೊಂಡು ಪೂರ್ತಿ ಮೂರು ಸ್ವರ ಒತ್ತಿ. ಧಾಟಿ ನುಡಿಸುತ್ತಿರುವಾಗ ಕಾರ್ಡ್ ತಾನಾಗಿ ಬದಲಾದರೆ ಬಲಗೈ ಸ್ಪ್ಲಿಟ್ ಪಾಯಿಂಟ್ (ಕಾರ್ಡ್ ಭಾಗ, ಧಾಟಿ ಭಾಗ ಎರಡರ ಗಡಿಯ ಕೀ) ದಾಟಿ ಎಡಕ್ಕೆ ಬಂದಿದೆ ಎಂದು ತಿಳಿಯಿರಿ.

ಹಾರ್ಮೋನಿಯಂನವರು ‘ಕಾಳೀ ಚಾರ್’ ಅನ್ನುತ್ತಾರೆ, ಹಾಡುವ ಅಕ್ಕ ‘ಐದೂವರೆ ಮನೆ’ ಅನ್ನುತ್ತಾರೆ. ನಾನು ಯಾವುದನ್ನು ಒತ್ತಲಿ?

ಎರಡೂ ಒಂದೇ, ಜಿ ಶಾರ್ಪ್, ಅಂದರೆ ಜಿ ಯ ಬಲಕ್ಕೆ ಅಂಟಿಕೊಂಡಿರುವ ಕಪ್ಪು ಕೀ. ಮರಾಠಿ ವಾದಕರು ಕಪ್ಪು ಕೀಗಳನ್ನು (ಕಾಳೀ) ಬೇರೆಯಾಗಿ, ಬಿಳಿ ಕೀಗಳನ್ನು (ಪಾಂಢರೀ) ಬೇರೆಯಾಗಿ ಎಣಿಸುತ್ತಾರೆ. ನಮ್ಮವರು ಬಿಳಿ ಕೀಗಳನ್ನು ಒಂದು, ಎರಡು ಎಂದೂ ಕಪ್ಪನ್ನು ‘ವರೆ’ ಎಂದೂ ಎಣಿಸುತ್ತಾರೆ. ಕೀಬೋರ್ಡ್‌ನ ಪಕ್ಕ ಇದನ್ನು ಬರೆದು ಅಂಟಿಸಿಕೊಳ್ಳಿ:

ಒಂದು ಮನೆ, ಪಾಂಢರೀ ಏಕ್ – ಸಿ
ಒಂದೂವರೆ, ಕಾಳೀ ಏಕ್ – ಸಿ ಶಾರ್ಪ್
ಎರಡು, ಪಾಂಢರೀ ದೋನ್ – ಡಿ
ಎರಡೂವರೆ, ಕಾಳೀ ದೋನ್ – ಡಿ ಶಾರ್ಪ್
ಮೂರು, ಪಾಂಢರೀ ತೀನ್ – ಇ
ನಾಲ್ಕು, ಪಾಂಢರೀ ಚಾರ್ – ಎಫ್
ನಾಲ್ಕೂವರೆ, ಕಾಳೀ ತೀನ್ – ಎಫ್ ಶಾರ್ಪ್
ಐದು, ಪಾಂಢರೀ ಪಾಚ್ – ಜಿ
ಐದೂವರೆ, ಕಾಳೀ ಚಾರ್ – ಜಿ ಶಾರ್ಪ್
ಆರು – ಎ
ಆರೂವರೆ, ಕಾಳೀ ಪಾಚ್ – ಎ ಶಾರ್ಪ್
ಏಳು – ಬಿ

ಹೊಸಬರು ಜಿ ಶಾರ್ಪ್‌ನಲ್ಲಿ ಕಾರ್ಡ್ ಹುಡುಕುತ್ತ ಒದ್ದಾಡಬೇಕಿಲ್ಲ. ಇಡೀ ಕೀಬೋರ್ಡ್‌ನ ಶ್ರುತಿಯನ್ನು ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಆಯ್ಕೆಯನ್ನು –4 ಮಾಡಿ. ಈಗ ನೀವು ಸಿ ಒತ್ತಿದರೆ ಕೇಳುವುದು ಜಿ ಶಾರ್ಪ್, ಕಲಿತ ನಾಲ್ಕು ಕಾರ್ಡ್ ಹಾಗೆಯೇ ಕೆಲಸ ಮಾಡುತ್ತವೆ. ಆರು ಮನೆಗೆ –3, ಎರಡು ಮನೆಗೆ +2.

ಇಲ್ಲಿ ಆಗುವ ಅನಾಹುತ ಎರಡು. ಒಂದು, ಪಕ್ಕದ ಗಿಟಾರಿನವರು ‘ಯಾವ ಕಾರ್ಡ್’ ಎಂದು ಕೇಳಿದಾಗ ನಿಮ್ಮ ಬೆರಳು ನೋಡಿ ‘ಸಿ’ ಎಂದುಬಿಡುವುದು. ಕೇಳುತ್ತಿರುವುದು ಜಿ ಶಾರ್ಪ್, ಅದನ್ನೇ ಹೇಳಬೇಕು. ಎರಡು, ಮೊದಲ ಹಾಡಿನ ಟ್ರಾನ್ಸ್‌ಪೋಸನ್ನು ಬದಲಿಸದೆ ಎರಡನೆಯದಕ್ಕೆ ಹೋಗುವುದು. ಹಾಡಿನ ಪಟ್ಟಿಯಲ್ಲಿ ಪ್ರತಿ ಹಾಡಿನ ಮುಂದೆ ಟ್ರಾನ್ಸ್‌ಪೋಸ್ ಅಂಕಿ ಬರೆದಿಡಿ.

ಎಲ್ಲ ಸರಿ ಇದ್ದರೂ ಹಾರ್ಮೋನಿಯಂ ಜೊತೆ ಕರ್ಕಶವಾಗಿ ಕೇಳಿದರೆ ಹಾರ್ಮೋನಿಯಂನ ರೀಡ್ ಕೊಂಚ ಇಳಿದಿರಬಹುದು ಇಲ್ಲವೇ ಏರಿರಬಹುದು. ಕೀಬೋರ್ಡ್ ಎ ಸ್ವರವನ್ನು 440 ಹರ್ಟ್ಜ್‌ಗೆ ಇಟ್ಟಿರುತ್ತದೆ. ಟ್ಯೂನಿಂಗ್ ಆಯ್ಕೆಗೆ ಹೋಗಿ ಕೀಬೋರ್ಡನ್ನೇ ಹಾರ್ಮೋನಿಯಂಗೆ ಹೊಂದಿಸಿ. ಹಾರ್ಮೋನಿಯಂ ಸ್ಥಳದಲ್ಲೇ ಬದಲಾಗುವುದಿಲ್ಲ, ಕೀಬೋರ್ಡ್ ಬದಲಾಗುತ್ತದೆ.

ಹಾಡಿಗೆ ಯಾವ ಕಾರ್ಡ್ ಎಂದು ಹುಡುಕುವುದು ಹೇಗೆ?

ಮೊದಲು ಷಡ್ಜ ಹಿಡಿಯಿರಿ. ಟ್ರಾನ್ಸ್‌ಪೋಸ್ ಮಾಡಿ ಅದನ್ನು ಸಿ ಗೆ ತನ್ನಿ. ಹಾಡಿನ ಒಂದು ಸಾಲನ್ನು ಸ್ವರ ಹಾಕಿ ಬರೆದುಕೊಳ್ಳಿ. ತಾಳದ ಮುಖ್ಯ ಏಟಿನ ಮೇಲೆ ಬೀಳುವ, ಉದ್ದಕ್ಕೆ ನಿಲ್ಲುವ ಸ್ವರ ಯಾವುದು ನೋಡಿ. ಆ ಸ್ವರ ಇರುವ ಕಾರ್ಡ್ ಬೇಕು. ಶಂಕರಾಭರಣದ, ಹಿಂದೂಸ್ತಾನಿಯಲ್ಲಾದರೆ ಬಿಲಾವಲ್‌ನ, ಸ್ವರಗಳಿಗೆ ಲೆಕ್ಕ ಹೀಗೆ: ಸ ಇದ್ದರೆ ಸಿ, ಎಫ್ ಅಥವಾ ಎ ಮೈನರ್. ರಿ ಇದ್ದರೆ ಜಿ ಅಥವಾ ಡಿ ಮೈನರ್. ಗ ಇದ್ದರೆ ಸಿ, ಎ ಮೈನರ್ ಅಥವಾ ಇ ಮೈನರ್. ಮ ಇದ್ದರೆ ಎಫ್ ಅಥವಾ ಡಿ ಮೈನರ್. ಪ ಇದ್ದರೆ ಸಿ, ಜಿ ಅಥವಾ ಇ ಮೈನರ್. ದ ಇದ್ದರೆ ಎಫ್, ಎ ಮೈನರ್ ಅಥವಾ ಡಿ ಮೈನರ್. ನಿ ಇದ್ದರೆ ಜಿ ಅಥವಾ ಇ ಮೈನರ್.

ಅಭ್ಯಾಸಕ್ಕೆ ಈ ಸಾಲನ್ನು ತೆಗೆದುಕೊಳ್ಳಿ:

ಸ ರಿ ಗ ಗ | ಮ ಪ ಮ , | ರಿ ಗ ರಿ , | ಸ , , , ||

ಮೊದಲ ಭಾಗಕ್ಕೆ ಸಿ, ಎರಡನೆಯದಕ್ಕೆ ಎಫ್, ಮೂರನೆಯದಕ್ಕೆ ಜಿ, ಕೊನೆಗೆ ಮತ್ತೆ ಸಿ. ಎರಡನೇ ಭಾಗದಲ್ಲಿ ಬರುವ ‘ಪ’ ಎಫ್ ಮೇಜರ್‌ನಲ್ಲಿ ಇಲ್ಲ, ಆದರೂ ಕಿವಿಗೆ ಚುಚ್ಚುವುದಿಲ್ಲ, ಏಕೆಂದರೆ ಅದು ಹಾದುಹೋಗುವ ಸ್ವರ. ಪ್ರತಿ ಸ್ವರಕ್ಕೂ ಕಾರ್ಡ್ ಬದಲಿಸಲು ಹೋಗುವುದೇ ಹೊಸಬರ ದೊಡ್ಡ ತಪ್ಪು. ಸಂಶಯ ಬಂದರೆ ಕಡಿಮೆ ಬದಲಿಸಿ. ಆದಿತಾಳದಲ್ಲಿ ಲಘುವಿನ ಶುರುವಿಗೊಂದು, ದ್ರುತದ ಶುರುವಿಗೊಂದು ಬದಲಾವಣೆ ಧಾರಾಳವಾಗಿ ಸಾಕು.

ರಾಗಕ್ಕೆ ಕಾರ್ಡ್ ಹಾಕಿದರೆ ರಾಗ ಕೆಡುವುದಿಲ್ಲವೇ?

ತಿಳಿಯದೆ ಹಾಕಿದರೆ ಖಂಡಿತ ಕೆಡುತ್ತದೆ. ಒಂದು ನಿಯಮ ಬಿಡಬೇಡಿ: ಕಾರ್ಡ್‌ನ ಮೂರು ಸ್ವರಗಳೂ ಆ ರಾಗದಲ್ಲಿ ಇರಬೇಕು.

ಮೋಹನ ತೆಗೆದುಕೊಳ್ಳಿ, ಹಿಂದೂಸ್ತಾನಿಯ ಭೂಪ್. ಸ ರಿ ಗ ಪ ದ ಮಾತ್ರ. ಇದರಲ್ಲಿ ಪೂರ್ತಿಯಾಗಿ ಸಿಗುವುದು ಸಿ ಮೇಜರ್ ಮತ್ತು ಎ ಮೈನರ್ ಎರಡೇ. ಎಫ್ ಹಾಕಿದರೆ ಇಲ್ಲದ ಮಧ್ಯಮ ಬಂತು, ಜಿ ಹಾಕಿದರೆ ಇಲ್ಲದ ನಿಷಾದ ಬಂತು. ಜಿ ಬೇಕೆನಿಸಿದ ಕಡೆ ನಡುವಿನ ಬಿ ಬಿಟ್ಟು ಜಿ–ಡಿ ಎರಡನ್ನೇ ಒತ್ತಿ.

ಮಾಯಾಮಾಳವಗೌಳಕ್ಕೆ ಸಿ ಮೇಜರ್, ಸಿ ಶಾರ್ಪ್ ಮೇಜರ್, ಎಫ್ ಮೈನರ್ ಒಪ್ಪುತ್ತವೆ. ಎಫ್ ಮೈನರ್ ಎಂದರೆ ಎಫ್–ಜಿ ಶಾರ್ಪ್–ಸಿ. ಇಲ್ಲಿ ಪಂಚಮದ ಮೇಲೆ ಜಿ ಮೇಜರ್ ಒತ್ತಿದರೆ ಡಿ, ಅಂದರೆ ಚತುಶ್ರುತಿ ರಿಷಭ, ಒಳಗೆ ಬಂದುಬಿಡುತ್ತದೆ. ರಾಗಕ್ಕೆ ಬೇಕಿರುವುದು ಶುದ್ಧ ರಿಷಭ. ಕೇಳುವವರ ಮುಖ ಹುಳ್ಳಗಾಗುವುದು ಅದಕ್ಕೇ.

ಗ್ರಹಭೇದ ಗೊತ್ತಿದ್ದವರಿಗೆ ಒಂದು ಸುಲಭದ ದಾರಿ ಇದೆ. ಬಿಳಿ ಕೀಗಳಲ್ಲೇ ಸಿ ಯನ್ನು ಷಡ್ಜ ಮಾಡಿದರೆ ಶಂಕರಾಭರಣ, ಡಿ ಯನ್ನು ಮಾಡಿದರೆ ಖರಹರಪ್ರಿಯ, ಎಫ್ ಮಾಡಿದರೆ ಕಲ್ಯಾಣಿ, ಜಿ ಮಾಡಿದರೆ ಹರಿಕಾಂಭೋಜಿ, ಎ ಮಾಡಿದರೆ ನಟಭೈರವಿ. ಅಂದರೆ ಸಿ, ಎಫ್, ಜಿ, ಎ ಮೈನರ್, ಡಿ ಮೈನರ್, ಇ ಮೈನರ್ ಈ ಆರೇ ಕಾರ್ಡ್‌ಗಳಲ್ಲಿ ಐದೂ ಮೇಳಗಳು ಸಿಗುತ್ತವೆ. ಹಾಡುವವರ ಶ್ರುತಿಗೆ ಟ್ರಾನ್ಸ್‌ಪೋಸ್ ಇದ್ದೇ ಇದೆ. ಐದೂವರೆ ಮನೆಯಲ್ಲಿ ನಟಭೈರವಿ ಬೇಕೆ? ಎ ಯನ್ನು ಷಡ್ಜ ಮಾಡಿಕೊಂಡು –1 ಇಡಿ.

ತೋಡಿ, ಸಹಾನದಂತೆ ಗಮಕವೇ ಪ್ರಾಣವಾದ ರಾಗಗಳಿಗೆ ಕಾರ್ಡ್ ಬೇಡ. ಸ–ಪ ಮಾತ್ರ ಹಿಡಿದು ಶ್ರುತಿಯಂತೆ ಮೆಲ್ಲಗೆ ನಿಲ್ಲಿಸಿ. ಸುಗಮ ಸಂಗೀತ, ನಾಟಕದ ಹಾಡು, ಸಿನಿಮಾ ಹಾಡುಗಳಿಗೆ ಕಾರ್ಡ್ ಚೆನ್ನಾಗಿ ಒಗ್ಗುತ್ತದೆ. ಮುಂಬೈಯ ಹಿಂದಿ ಸಿನಿಮಾ ಮೇಳಗಳಿಗೆ ಈ ಕಾರ್ಡ್‌ಗಳ ಜಾಣ್ಮೆಯನ್ನು ತಂದವರಲ್ಲಿ ಗೋವಾದವರು ಮುಖ್ಯರು. ಮಜೋರ್ಡಾದ ಆಂಥೋನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾ ಮುಂತಾದವರು ರಾಗದ ಧಾಟಿಯನ್ನು ಉಳಿಸಿಕೊಂಡೇ ಅದರ ಹಿಂದೆ ಸ್ವರಮೇಳ ಕಟ್ಟಿದರು. ಆ ಕಾಲದ ಹಾಡುಗಳ ಹಿನ್ನೆಲೆಯ ಪಿಟೀಲುಗಳನ್ನೇ ಗಮನವಿಟ್ಟು ಕೇಳಿ, ಕಾರ್ಡ್ ಎಲ್ಲಿ ಬದಲಾಗುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂದು ತಿಳಿಯುತ್ತದೆ.

ಪೆಡಲ್ ಉಲ್ಟಾ ಕೆಲಸ ಮಾಡುತ್ತಿದೆ. ಒತ್ತಿದರೆ ಸ್ವರ ಕಡಿದುಹೋಗುತ್ತದೆ, ಬಿಟ್ಟರೆ ಎಳೆಯುತ್ತದೆ.

ಕೀಬೋರ್ಡ್ ಆಫ್ ಮಾಡಿ, ಪೆಡಲ್ ಸಿಕ್ಕಿಸಿ, ಅದರ ಮೇಲೆ ಕಾಲಿಡದೆ ಆನ್ ಮಾಡಿ. ಹಲವು ಮಾದರಿಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಇದ್ದ ಸ್ಥಿತಿಯನ್ನೇ ‘ಬಿಟ್ಟ ಸ್ಥಿತಿ’ ಎಂದು ತಿಳಿಯುತ್ತವೆ. ಇನ್ನು ಬಳಕೆ: ಕಾರ್ಡ್ ಬದಲಾದ ಕೂಡಲೇ ಪೆಡಲ್ ಎತ್ತಿ ಮತ್ತೆ ಒತ್ತಿ. ಕಾಲು ಹಾಗೇ ಇಟ್ಟರೆ ಎಫ್ ಮತ್ತು ಜಿ ಕಲಸಿಹೋಗುತ್ತವೆ.

ಮಳೆಗಾಲದಲ್ಲಿ ಕೆಲವು ಕೀಗಳು ಕೂಗುವುದೇ ಇಲ್ಲ, ಕೆಲವು ವಿಪರೀತ ಜೋರು. ಏಕೆ?

ಟಚ್ ಇರುವ ಕೀಬೋರ್ಡ್‌ನಲ್ಲಿ ಪ್ರತಿ ಕೀಯ ಕೆಳಗೆ ರಬ್ಬರ್‌ನ ಮೇಲೆ ಎರಡು ಕಾರ್ಬನ್ ಸ್ಪರ್ಶಬಿಂದುಗಳಿರುತ್ತವೆ. ಮೊದಲನೆಯದು ತಾಗಿ ಎರಡನೆಯದು ತಾಗಲು ಹಿಡಿದ ಸಮಯದಿಂದ ನೀವೆಷ್ಟು ಜೋರಾಗಿ ಒತ್ತಿದಿರಿ ಎಂದು ಯಂತ್ರ ಲೆಕ್ಕ ಹಾಕುತ್ತದೆ. ತೇವ, ಧೂಳು, ಕಡಲ ಗಾಳಿಯ ಉಪ್ಪು ಸೇರಿ ಅವುಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೆ ಲೆಕ್ಕ ತಪ್ಪುತ್ತದೆ. ಕೀ ಮೂಕವಾಗುವುದೂ ಕಿರುಚುವುದೂ ಒಂದೇ ಕಾರಣಕ್ಕೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿಯ ಪಕ್ಕ ಇಡಬೇಡಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೇ ಬೆವರುತ್ತದೆ. ಹತ್ತಿ ಬಟ್ಟೆ ಹೊದಿಸಿ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬದಲಿಸಿ. ದಿನವೂ ಎಲ್ಲ ಕೀಗಳನ್ನು ಒಮ್ಮೆಯಾದರೂ ಒತ್ತಿ, ಬಳಸದ ಕೀಗಳೇ ಮೊದಲು ಕೆಡುವುದು. ಆಗಲೇ ಕೆಟ್ಟಿದ್ದರೆ ರಿಪೇರಿಯವರು ಬಿಚ್ಚಿ ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸುತ್ತಾರೆ, ಸಾಮಾನ್ಯವಾಗಿ ಸರಿಹೋಗುತ್ತದೆ. ಕೀಗಳ ಸಂದಿಗೆ ಎಣ್ಣೆ ಅಥವಾ ಸ್ಪ್ರೇ ಹಾಕಬೇಡಿ. ಅದು ಕಾರ್ಬನ್ ಪದರದ ಮೇಲೆ ಕೂತು ರಿಪೇರಿಗೂ ಬಾರದಂತೆ ಮಾಡುತ್ತದೆ.

ದಿನಕ್ಕೆ ಎಷ್ಟು ಹೊತ್ತು? ಪಕ್ಕದ ಮನೆಯವರಿಗೆ ತೊಂದರೆಯಾಗದೆ ಹೇಗೆ?

ಇಪ್ಪತ್ತು ನಿಮಿಷ, ವಾರಕ್ಕೆ ಆರು ದಿನ. ಭಾನುವಾರ ಒಂದೇ ಸಲ ಎರಡು ಗಂಟೆ ಕೂತರೆ ಕೈ ನೋಯುತ್ತದೆ, ಕಲಿತದ್ದು ನಿಲ್ಲುವುದಿಲ್ಲ. ಐದು ನಿಮಿಷ ಮೆಟ್ರೋನೋಮ್ ಜೊತೆ ಕಾರ್ಡ್ ಬದಲಾವಣೆ, ಹತ್ತು ನಿಮಿಷ ಒಂದೇ ಹಾಡು, ಐದು ನಿಮಿಷ ಹಾಡುತ್ತ ನುಡಿಸುವುದು. ಹೀಗೆ ನಡೆದರೆ ಹೆಚ್ಚಿನವರು ಎರಡು ಮೂರು ತಿಂಗಳಲ್ಲಿ ಸರಳ ಭಜನೆಗೆ ಜೊತೆ ಕೊಡುತ್ತಾರೆ.

ಹೆಡ್‌ಫೋನ್ ಸಿಕ್ಕಿಸಿದರೆ ಸ್ಪೀಕರ್ ತಾನಾಗಿ ಬಂದ್ ಆಗುತ್ತದೆ. ಕೆಲವು ಮಾದರಿಗಳಿಗೆ 3.5 ಮಿ.ಮೀ. ಪಿನ್, ಕೆಲವಕ್ಕೆ 6.3 ಮಿ.ಮೀ. ದಪ್ಪ ಪಿನ್. ದಪ್ಪದ್ದಾದರೆ ಒಂದು ಕನ್ವರ್ಟರ್ ಬೇಕು. ಬ್ಲೂಟೂತ್ ಹೆಡ್‌ಫೋನ್ ಬೇಡ, ಒತ್ತಿದ ಮೇಲೆ ಕೊಂಚ ತಡವಾಗಿ ಕೇಳುತ್ತದೆ, ಲಯ ಹಾಳಾಗುತ್ತದೆ.

ಪರೀಕ್ಷೆ ಕಟ್ಟಬಹುದೇ?

ಟ್ರಿನಿಟಿ ಕಾಲೇಜ್ ಲಂಡನ್‌ನವರಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡ್‌ಗೇ ಪ್ರತ್ಯೇಕ ಗ್ರೇಡ್ ಪರೀಕ್ಷೆಗಳಿವೆ, ಇನಿಶಿಯಲ್‌ನಿಂದ ಎಂಟನೇ ಗ್ರೇಡ್‌ವರೆಗೆ. ಮಕ್ಕಳನ್ನು ಸೇರಿಸುವ ಮುನ್ನ ಟೀಚರ್ ಕಲಿಸುವುದು ಪಿಯಾನೋ ಪಠ್ಯವೋ ಕೀಬೋರ್ಡ್ ಪಠ್ಯವೋ ಎಂದು ಕೇಳಿ, ಎರಡಕ್ಕೂ ಎಡಗೈ ಕೆಲಸ ಬೇರೆ. ಗೋವಾದಲ್ಲಿರುವವರು ಪಣಜಿಯ ಕಲಾ ಅಕಾಡೆಮಿಯ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿ ವಿಚಾರಿಸಬಹುದು.

ಹಳೆಯ ಅಡಾಪ್ಟರ್ ಕೆಟ್ಟಿದೆ. ಮನೆಯಲ್ಲಿರುವ ಬೇರೆ ಯಾವುದಾದರೂ ನಡೆಯುತ್ತದೆಯೇ?

ನಡೆಯುವುದಿಲ್ಲ. ಯಮಹಾದ ಸಣ್ಣ ಕೀಬೋರ್ಡ್‌ಗಳಿಗೆ ಸಾಮಾನ್ಯವಾಗಿ 12 ವೋಲ್ಟ್, ಕ್ಯಾಸಿಯೊದ ಈಚಿನ ಎಷ್ಟೋ ಮಾದರಿಗಳಿಗೆ 9.5 ವೋಲ್ಟ್. ಪಿನ್ ಹೊಂದಿದರೂ ಪ್ಲಸ್ ಮೈನಸ್ ಅದಲುಬದಲಾಗಿರಬಹುದು, ಬೋರ್ಡ್ ಸುಟ್ಟುಹೋಗುತ್ತದೆ. ಕೀಬೋರ್ಡ್‌ನ ಹಿಂಬದಿಯಲ್ಲಿರುವ ವೋಲ್ಟ್ ಅಂಕಿ ಮತ್ತು ಪ್ಲಸ್ ಮೈನಸ್ ಚಿತ್ರದ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಸೆಲ್ ಹಾಕುವ ಜಾಗ ಇರುವ ಮಾದರಿಯಾದರೆ ಅಲ್ಲಿಯವರೆಗೆ ಸೆಲ್ ಹಾಕಿ ಕೆಲಸ ನಡೆಸಬಹುದು. ಅಡಾಪ್ಟರ್ ಬಂದ ದಿನ ಸೆಲ್ ತೆಗೆದಿಡಿ, ಮುಂಬೈ ಕಡೆಯ ತೇವಕ್ಕೆ ಅವು ಒಳಗೇ ಸೋರುತ್ತವೆ.